ಪಿಸುಮಾತಿನ ಪ್ರಾರ್ಥನೆ

ಸುಳ್ಳಾಡಬಾರದೆಂದು ಮಕ್ಕಳಿಗೆ ಕಲಿಸುತ್ತೇವೆ. ಆದರೆ ಮಗು ಶಾಲೆಯಲ್ಲಿ ನಿಜ ನುಡಿದರೆ ತಂದೆ ಸೆರೆಮನೆ ಸೇರುವ ಕಾಲ ಬಂದರೆ ತಾಯಿ ಏನು ಮಾಡಬೇಕು?

ಅಲ್ಬೇನಿಯಾದ ಕ್ರೈಸ್ತ ಕುಟುಂಬಗಳು ಈ ಪ್ರಶ್ನೆಯೊಡನೆಯೇ ಬಾಳಿದವು. 1967ರಲ್ಲಿ ಅಲ್ಲಿನ ಕಮ್ಯುನಿಸ್ಟ್ ಸರ್ಕಾರ ದೇವಾಲಯ, ಮಸೀದಿಗಳನ್ನೆಲ್ಲ ಮುಚ್ಚಿಸಿತು. ಶ್ಕೋಡರ್ ನಗರದ ಪ್ರಧಾನಾಲಯ ಕ್ರೀಡಾಭವನವಾಯಿತು. ಅಜ್ಜಿಯರು ಬಾಗಿಲು ಹಾಕಿಕೊಂಡು ಬೆರಳೆಣಿಸಿ ಜಪಸರ ಹೇಳಿದರು. ಮೊಮ್ಮಕ್ಕಳ ತಲೆಗೆ ತಾವೇ ನೀರು ಸುರಿದು ದೀಕ್ಷಾಸ್ನಾನ ಕೊಟ್ಟರು. ಹೊರಗೆ ಬಾಯಿ ಬಿಡಬೇಡ ಎಂಬುದೇ ಮಗುವಿಗೆ ಮೊದಲ ಪಾಠ.

ಅದು ಸುಳ್ಳಲ್ಲ. ತಿಳಿಯುವ ಹಕ್ಕಿಲ್ಲದವರಿಗೆ ಸತ್ಯವನ್ನು ಬಿಚ್ಚಿಡುವ ಹೊಣೆ ಯಾರಿಗೂ ಇಲ್ಲವೆಂದು ಧರ್ಮಸಭೆ ಬೋಧಿಸುತ್ತದೆ. ಆದರೆ ಭಯದಿಂದ ಸ್ವಂತ ಮಕ್ಕಳಿಗೂ ಏನೊಂದೂ ಹೇಳದ ತಂದೆತಾಯಿಗಳಿದ್ದರು. ಅವರನ್ನು ದೂರಲು ನಾವ್ಯಾರು? ಆದರೂ ಆ ಮೌನಕ್ಕೆ ಬೆಲೆ ತೆತ್ತವರು ಮಕ್ಕಳು. 1990ರ ನವೆಂಬರಿನಲ್ಲಿ ಶ್ಕೋಡರ್ ಸ್ಮಶಾನದಲ್ಲಿ ಬಹಿರಂಗ ಬಲಿಪೂಜೆ ನಡೆದಾಗ ಸಾವಿರಾರು ಜನ ಸೇರಿದರು. ಹಿರಿಯರಿಗೆ ಅದು ಮರಳಿ ಬಂದ ನೆನಪು. ನಡುವಿನ 23 ವರ್ಷಗಳಲ್ಲಿ ಹುಟ್ಟಿದವರಿಗೆ ಮನೆಯಲ್ಲಿ ಕೇಳಿದ್ದಷ್ಟೇ ಆಸ್ತಿ.

ನಮ್ಮ ಮದರ್ ತೆರೇಸಾರವರ ತಾಯಿ 1972ರಲ್ಲಿ ತಿರಾನಾದಲ್ಲಿ ತೀರಿಕೊಂಡರು, ಮಗಳ ಮುಖ ಕಾಣದೆ. 1989ರಲ್ಲಷ್ಟೇ ಮಗಳು ಆ ಸಮಾಧಿಯ ಮುಂದೆ ನಿಲ್ಲಲು ಸಾಧ್ಯವಾಯಿತು. ಆದರೆ ಆ ತಾಯಿ ಬಾಲ್ಯದಲ್ಲಿ ಕಲಿಸಿದ ಪ್ರಾರ್ಥನೆಯನ್ನು ಯಾವ ಗಡಿಯೂ ತಡೆಯಲಿಲ್ಲ.

ನಮ್ಮ ಮನೆಯ ಬಾಗಿಲು ತೆರೆದಿದೆ. ಆದರೂ ಸಂಜೆ ಜಪಸರದ ದನಿ ಕೇಳದಿದ್ದರೆ ಕಾರಣವೇನು? ಅವರ ಮೌನಕ್ಕೆ ಭಯವಿತ್ತು. ನಮ್ಮ ಮೌನಕ್ಕೆ ನೆಪವಷ್ಟೇ ಇದೆ. ಇಂದು ಊಟಕ್ಕೆ ಮುನ್ನ ಮಕ್ಕಳೊಡನೆ ಮೊಣಕಾಲೂರಿ, ಗಟ್ಟಿಯಾಗಿ ಪ್ರಾರ್ಥಿಸಿ.