ಆಸ್ಪತ್ರೆಗೆ ಸೇರಿಸುವುದು ಕೈಬಿಟ್ಟಂತೆಯೇ?



ಮನೆಯ ಹಿರಿಯರೊಬ್ಬರ ಮನಸ್ಸು ಸ್ಥಿಮಿತ ತಪ್ಪಿದಾಗ ಮಕ್ಕಳೆದುರು ಒಂದು ಕಠಿಣ ಪ್ರಶ್ನೆ ಎದ್ದು ನಿಲ್ಲುತ್ತದೆ. ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಸೇರಿಸಿದರೆ ಹೆತ್ತವರನ್ನು ಕೈಬಿಟ್ಟಂತಾಗುವುದಿಲ್ಲವೇ? ಹೃದಯಾಘಾತವಾದ ತಂದೆಯನ್ನು ಆಸ್ಪತ್ರೆಗೆ ಒಯ್ಯುವಾಗ ಯಾರೂ ಹೀಗೆ ಕೇಳಿಕೊಳ್ಳುವುದಿಲ್ಲ. ತೊಡೆಯ ಎಲುಬು ಮುರಿದ ತಾಯಿಯನ್ನು ಮನೆಯಲ್ಲಿಯೇ ಇಟ್ಟುಕೊಳ್ಳುವುದನ್ನು ಯಾರೂ ಪ್ರೀತಿಯೆಂದು ಕರೆಯುವುದಿಲ್ಲ. ರೋಗವು ಮನಸ್ಸಿಗೆ ತಗುಲಿದಾಗ ಮಾತ್ರ ನಮ್ಮ ನ್ಯಾಯದ ತಕ್ಕಡಿ ಅಲುಗಾಡುತ್ತದೆ. ಧರ್ಮಕೇಂದ್ರದ ಮನೆಭೇಟಿಗಳಲ್ಲಿ ಗುರುಗಳು ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಕೇಳಿಸಿಕೊಳ್ಳುವುದು ಬಾಗಿಲ ಬಳಿ, ಹೊರಡುವ ಹೊತ್ತಿನಲ್ಲಿ, ಮೆಲುದನಿಯಲ್ಲಿ.

ವಿಜಯಪುರದ ಜೋರಾಪುರ ಪೇಟೆಯ ಓಣಿಗಳಲ್ಲಾಗಲಿ, ತಿಕೋಟಾ, ಬಬಲೇಶ್ವರದ ಕಡೆಯ ಹಳ್ಳಿಗಳಲ್ಲಾಗಲಿ, ಇದಕ್ಕೆ ಸಿದ್ಧವಾದ ಒಂದು ಉತ್ತರವಿದೆ: "ಮುದುಕಿಗೆ ಅರಳು ಮರಳು ಆಗೇತ್ರೀ, ವಯಸ್ಸಾದ ಮ್ಯಾಲೆ ಮತ್ತೇನು?" ಅರವತ್ತಕ್ಕೆ ಅರಳು ಮರಳು ಎಂಬ ಮಾತು ನಮ್ಮ ನಾಲಿಗೆಯ ಮೇಲೆ ಎಷ್ಟು ಸಲೀಸಾಗಿ ಕುಳಿತಿದೆಯೆಂದರೆ, ಅದರ ಕೆಳಗೆ ಮೂರು ಬೇರೆ ಬೇರೆ ಕಾಯಿಲೆಗಳು ಅಡಗಿರಬಹುದೆಂಬುದು ನಮಗೆ ಹೊಳೆಯುವುದೇ ಇಲ್ಲ. ಮೊದಲನೆಯದು ನಮ್ಮ ಹಿರಿಯರು ಸನ್ನಿ ಎನ್ನುತ್ತಿದ್ದ ಸ್ಥಿತಿ. ನಿನ್ನೆಯವರೆಗೆ ಸರಿಯಾಗಿದ್ದವರು ಇಂದು ಮಕ್ಕಳ ಗುರುತು ಹಿಡಿಯುವುದಿಲ್ಲ, ರಾತ್ರಿ ಎದ್ದು ಯಾರೊಡನೆಯೋ ಮಾತನಾಡುತ್ತಾರೆ. ಇದಕ್ಕೆ ಮೂತ್ರದ ಸೋಂಕು, ರಕ್ತದಲ್ಲಿ ಉಪ್ಪಿನಂಶದ ಇಳಿತ, ನಮ್ಮ ಬಿಸಿಲುನಾಡಿನ ಬೇಸಿಗೆಯಲ್ಲಿ ಸಾಕಷ್ಟು ನೀರು ಕುಡಿಯದಿರುವುದು, ಹೊಸದಾಗಿ ಆರಂಭಿಸಿದ ಮಾತ್ರೆ, ಇಂಥ ಯಾವುದಾದರೂ ಕಾರಣವಾಗಿರಬಹುದು. ಬೇಗನೆ ಕಾರಣ ಹುಡುಕಿ ಚಿಕಿತ್ಸೆ ಮಾಡಿದರೆ ಬಹಳ ಮಂದಿ ಚೇತರಿಸಿಕೊಳ್ಳುತ್ತಾರೆ. ವಯಸ್ಸಿನ ದೋಷವೆಂದು ಬಿಟ್ಟರೆ ಪ್ರಾಣಕ್ಕೇ ಅಪಾಯ. ಎರಡನೆಯದು ಖಿನ್ನತೆ. ಮೂರನೆಯದು ಡಿಮೆನ್ಶಿಯಾ, ಅಂದರೆ ವರುಷಗಳ ಕಾಲ ನಿಧಾನವಾಗಿ ಬೆಳೆಯುವ ಮರೆಗುಳಿತನ. ಇದನ್ನು ಪೂರ್ಣ ಗುಣಪಡಿಸುವ ಔಷಧಿ ಇಂದಿಗೂ ಇಲ್ಲ, ಆದರೆ ರೋಗಿಯ ಭಯ, ನಿದ್ರಾಹೀನತೆ, ಸಿಟ್ಟುಗಳನ್ನು ತಗ್ಗಿಸುವ ಆರೈಕೆ ಇದೆ.

ಖಿನ್ನತೆಯ ಬಗ್ಗೆ ಗುರುವಾದವನು ಒಂದು ಮಾತನ್ನು ಹೇಳಲೇಬೇಕು. "ದೇವರು ನನ್ನನ್ಯಾಕ ಇನ್ನೂ ಕರಕೊಂಡಿಲ್ಲೋ" ಎಂದು ವೃದ್ಧರು ನಿಟ್ಟುಸಿರಿಟ್ಟಾಗ ನಾವು ಅದನ್ನು ಭಕ್ತಿಯೆಂದು, ವೈರಾಗ್ಯವೆಂದು ತಿಳಿದು ತಲೆದೂಗುತ್ತೇವೆ. ಕೆಲವೊಮ್ಮೆ ಅದು ಭಕ್ತಿಯೇ ಹೌದು. ಆದರೆ ಅದೇ ವ್ಯಕ್ತಿ ಊಟ ಬಿಟ್ಟಿದ್ದರೆ, ಬೆಳಗಿನ ಜಾವ ಮೂರಕ್ಕೆ ಎದ್ದು ಕುಳಿತಿದ್ದರೆ, ತಾನು ಮನೆಗೆ ಭಾರವೆಂದು ಪದೇ ಪದೇ ಹೇಳುತ್ತಿದ್ದರೆ, ಆ ನಿಟ್ಟುಸಿರು ರೋಗದ ಲಕ್ಷಣವಾಗಿರಬಹುದು. ಜಪಸರ ಕೈಗೆ ಕೊಟ್ಟು ಸುಮ್ಮನಾದರೆ ಸಾಲದು. ಜಪಸರದೊಂದಿಗೆ ವೈದ್ಯರ ಬಳಿಗೂ ಕರೆದೊಯ್ಯಬೇಕು.

ಹೀಗಿರುವಾಗ ಆಸ್ಪತ್ರೆಗೆ ಒಯ್ಯದೆ ಇರುವುದೂ ಕೈಬಿಟ್ಟಂತೆಯೇ ಆಗಬಹುದು. ಮನೆಯ ಹಿಂದಿನ ಕೋಣೆಯಲ್ಲಿ, ನೆಂಟರು ಬಂದಾಗ ಕದ ಮುಚ್ಚಿ, "ಮಂದಿ ಏನಂದಾರು" ಎಂಬ ಅಂಜಿಕೆಯಿಂದ ಹೆತ್ತವರನ್ನು ಇಟ್ಟುಕೊಳ್ಳುವುದು ಆರೈಕೆಯೆನಿಸುವುದಿಲ್ಲ.

ಆದರೂ ಜನರ ಹಿಂಜರಿಕೆಯನ್ನು ಮೌಢ್ಯವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅದಕ್ಕೊಂದು ಇತಿಹಾಸವಿದೆ. ನಮ್ಮ ಭಾಗದಲ್ಲಿ ಧಾರವಾಡವೆಂದರೆ ವಿದ್ಯೆಯ ಊರು, ಸಂಗೀತದ ಊರು. ಜೊತೆಗೆ ಹುಚ್ಚಾಸ್ಪತ್ರೆಯ ಊರು. ಬ್ರಿಟಿಷರ ಕಾಲದಲ್ಲಿ, 19ನೆಯ ಶತಮಾನದಲ್ಲಿ ಅಲ್ಲಿ ತೆರೆದ ಆಶ್ರಯಾಲಯವೇ ಇಂದು ಡಿಮ್ಹಾನ್ಸ್ ಎಂದು ಹೆಸರಾದ ಮಾನಸಿಕ ಆರೋಗ್ಯ ಸಂಸ್ಥೆಯಾಗಿದೆ. ವಿಜಯಪುರದಿಂದ ಇನ್ನೂರು ಕಿಲೋಮೀಟರಿನಷ್ಟು ದೂರ. ಅಂದಿನ ದಿನಗಳಲ್ಲಿ ಅಷ್ಟು ದೂರ ಒಯ್ದು ಬಿಟ್ಟು ಬಂದವರನ್ನು ಮತ್ತೆ ನೋಡಲು ಹೋಗುವುದೇ ಒಂದು ಸಾಹಸವಾಗಿತ್ತು. ದೂರವೇ ಎಷ್ಟೋ ಸಂಬಂಧಗಳನ್ನು ಕಡಿಯಿತು. ಇನ್ನು 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ನಡೆದುದನ್ನು ಮರೆಯಲಾದೀತೇ? ದರ್ಗಾದ ಆಸುಪಾಸಿನ ಒಂದು ಖಾಸಗಿ ವಸತಿಯಲ್ಲಿ ಸರಪಳಿ ಬಿಗಿದಿದ್ದ ಮಾನಸಿಕ ಅಸ್ವಸ್ಥರು ಬೆಂಕಿ ಬಿದ್ದಾಗ ಓಡಲಾರದೆ ಸುಟ್ಟುಹೋದರು.

ಕ್ರೈಸ್ತ ನಾಡುಗಳೂ ಈ ಪಾಪದಿಂದ ಮುಕ್ತವಾಗಿರಲಿಲ್ಲ. 16ನೆಯ ಶತಮಾನದ ಸ್ಪೇನಿನಲ್ಲಿ ಪುಸ್ತಕ ಮಾರುತ್ತಿದ್ದ ಜಾನ್ ಎಂಬಾತ ಒಂದು ಪ್ರಬೋಧನೆ ಕೇಳಿ ಪಶ್ಚಾತ್ತಾಪದಿಂದ ಬೀದಿಯಲ್ಲಿ ಹೊರಳಾಡಿದಾಗ, ಜನರು ಅವನನ್ನು ಗ್ರನಾಡದ ರಾಜಾಸ್ಪತ್ರೆಗೆ ಸೇರಿಸಿದರು. ಅಲ್ಲಿ ಚಿಕಿತ್ಸೆಯ ಹೆಸರಿನಲ್ಲಿ ಅವನಿಗೆ ಸಿಕ್ಕಿದ್ದು ಚಾಟಿಯೇಟು. ಹೊರಬಂದ ಆತ ಅದೇ ಊರಿನಲ್ಲಿ ಬಡರೋಗಿಗಳಿಗಾಗಿ ತಾನೇ ಆಸ್ಪತ್ರೆ ತೆರೆದನು. 1886ರಲ್ಲಿ ಹದಿಮೂರನೆಯ ಲಿಯೋ ಜಗದ್ಗುರುಗಳು ಈ 'ದೇವರ ಸಂತ ಜಾನ್'ರನ್ನು ಆಸ್ಪತ್ರೆಗಳ ಹಾಗೂ ರೋಗಿಗಳ ಪಾಲಕರೆಂದು ಘೋಷಿಸಿದರು. ಏಟು ತಿಂದ ರೋಗಿಯೊಬ್ಬರನ್ನು ಧರ್ಮಸಭೆ ಎಲ್ಲ ಆಸ್ಪತ್ರೆಗಳ ಪಾಲಕರನ್ನಾಗಿ ಮಾಡಿತೆಂಬುದನ್ನು ಆಸ್ಪತ್ರೆ ನಡೆಸುವ ನಮ್ಮ ಧಾರ್ಮಿಕ ಸಭೆಗಳು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಈಗ ಪರಿಸ್ಥಿತಿ ಬದಲಾಗಿದೆ. ವಿಜಯಪುರದಲ್ಲಿಯೇ 1984ರಲ್ಲಿ ಆರಂಭವಾದ ಅಲ್-ಅಮೀನ್ ಮತ್ತು 1986ರಲ್ಲಿ ಆರಂಭವಾದ ಬಿ.ಎಲ್.ಡಿ.ಇ. ವೈದ್ಯಕೀಯ ಕಾಲೇಜುಗಳಿವೆ. ಇಂಥ ಕಾಲೇಜು ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗವು ಕಣ್ಣು, ಕಿವಿ, ಹೃದಯದ ವಿಭಾಗಗಳೊಂದಿಗೆ ಒಂದೇ ಆವರಣದಲ್ಲಿರುತ್ತದೆ. ಈ ಸಾಮೀಪ್ಯ ವೃದ್ಧರಿಗಂತೂ ಬಹಳ ಮುಖ್ಯ, ಏಕೆಂದರೆ ಅವರ ಮನಸ್ಸಿನ ಕಾಯಿಲೆಯೊಂದಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳೂ ಬಂದಿರುತ್ತವೆ. ಹಾಗೆಂದು ಇಂಥ ವಾರ್ಡು ನಡೆಸುವುದು ಸುಲಭವಲ್ಲ. ಇಪ್ಪತ್ತೈದರ ಯುವಕನಿಗೂ ಎಂಬತ್ತರ ಅಜ್ಜಿಗೂ ಒಂದೇ ಕ್ರಮ ಒಗ್ಗುವುದಿಲ್ಲ. ಯುವಕನಿಗೆ ಕೊಡುವ ಪ್ರಮಾಣದ ನಿದ್ರೆ ಮಾತ್ರೆ ಅಜ್ಜಿಯನ್ನು ಬಚ್ಚಲುಮನೆಯ ದಾರಿಯಲ್ಲಿ ಬೀಳಿಸುತ್ತದೆ. ರಾತ್ರಿ ಪಾಳಿಯ ನರ್ಸಮ್ಮ ಎಷ್ಟು ಮಂಚಗಳನ್ನು ನೋಡಬಲ್ಲಳು? ಆದುದರಿಂದಲೇ ರೋಗಿಯ ಪಕ್ಕದಲ್ಲಿ ಮನೆಯವರೊಬ್ಬರು ಇರಬೇಕಾಗುತ್ತದೆ.

ಇದು ನಮ್ಮ ದೇಶದಲ್ಲಿ ಬಹಳ ಹಿಂದೆಯೇ ಕಂಡುಕೊಂಡ ಸತ್ಯ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರರು ಆಸ್ಪತ್ರೆಯ ಬಯಲಿನಲ್ಲಿ ಡೇರೆಗಳನ್ನು ಹಾಕಿಸಿ ರೋಗಿಗಳ ಬಂಧುಗಳನ್ನು ಅಲ್ಲಿಯೇ ಉಳಿಸಿಕೊಂಡರು. ಅದೇ ದಶಕದಲ್ಲಿ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನವರೂ ಕುಟುಂಬ ಸಮೇತ ಚಿಕಿತ್ಸೆಯ ದಾರಿ ಹಿಡಿದರು. ರೋಗಿಯೊಂದಿಗೆ ಉಳಿದವರು ರೋಗವೇನೆಂದು ಕಲಿತರು, ಮಾತ್ರೆ ಕೊಡುವುದನ್ನು ಕಲಿತರು, ಹಾಗೂ ಕಲಿತದ್ದನ್ನು ಮನೆಗೆ ಒಯ್ದರು. ಆರಂಭದಲ್ಲಿ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇಲ್ಲಿಯೇ ಇದೆ. ಸೇರಿಸುವ ದಿನ ಯಾರೂ ಯಾರನ್ನೂ ಕೈಬಿಡುವುದಿಲ್ಲ. ಪಕ್ಕದಲ್ಲಿ ಯಾರೂ ಉಳಿಯದಿದ್ದಾಗ, ಬಿಡುಗಡೆಯ ದಿನ ಕರೆದೊಯ್ಯಲು ಯಾರೂ ಬಾರದಿದ್ದಾಗ ಕೈಬಿಡುವುದು ನಡೆಯುತ್ತದೆ.

ಸಂತ ಮಾರ್ಕರ ಶುಭಸಂದೇಶದ ಐದನೆಯ ಅಧ್ಯಾಯವನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದಿರಿ. ಸಮಾಧಿಗಳ ನಡುವೆ ಅಲೆಯುತ್ತಿದ್ದ, ಸರಪಳಿಗಳನ್ನು ಹರಿದೊಗೆದ ಆ ಮನುಷ್ಯ ಸ್ವಸ್ಥನಾಗಿ, ಬಟ್ಟೆ ತೊಟ್ಟು, ಯೇಸುಸ್ವಾಮಿಯ ಬಳಿ ಕುಳಿತಿದ್ದಾನೆ. (ಎಲ್ಲ ಮಾನಸಿಕ ರೋಗವೂ ದೆವ್ವದ ಕಾಟವೆಂದು ಈ ಭಾಗದಿಂದ ವಾದಿಸುವವರನ್ನು ದಯಮಾಡಿ ನಂಬಬೇಡಿರಿ.) ಅವನು ಸ್ವಾಮಿಯೊಂದಿಗೆ ದೋಣಿಯಲ್ಲಿ ಹೋಗಲು ಬೇಡುತ್ತಾನೆ. ಆದರೆ ಸ್ವಾಮಿ ಅವನನ್ನು ತನ್ನವರ ಬಳಿಗೆ, ಮನೆಗೆ ಕಳುಹಿಸುತ್ತಾರೆ. ಸರಪಳಿ ಬಿಗಿದ ಊರಿಗೇ ಅವನು ಹಿಂದಿರುಗಬೇಕು, ಆ ಊರು ಅವನನ್ನು ಬರಮಾಡಿಕೊಳ್ಳಬೇಕು. ಅವನು ಗುಣವಾದುದನ್ನು ಕಂಡು ಊರಿನವರು ಹಿಗ್ಗಲಿಲ್ಲ, ಹೆದರಿದರು ಎಂದು ಶುಭಸಂದೇಶಕಾರರು ಬರೆದಿರುವುದು ಅರ್ಥಗರ್ಭಿತ.

2018ರ ಮೇ ತಿಂಗಳಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿಯನ್ನು ನಿಷೇಧಿಸಿದೆ. ಕುಟುಂಬವಿಲ್ಲ, ಅಥವಾ ಕುಟುಂಬ ಒಪ್ಪುತ್ತಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಇರಿಸಿಕೊಳ್ಳುವಂತಿಲ್ಲವೆಂದು ಅದರ 19ನೆಯ ಕಲಂ ಹೇಳುತ್ತದೆ. ಮಾತು ಸರಿಯಾದದ್ದೇ. ಆದರೆ ಕಾನೂನು ಆಸ್ಪತ್ರೆಯ ಬಾಗಿಲನ್ನು ತೆರೆಯಬಲ್ಲುದೇ ಹೊರತು ಮನೆಯ ಬಾಗಿಲನ್ನಲ್ಲ.

ಹಾಗಾದರೆ ಎಲ್ಲ ಭಾರವನ್ನೂ ಮನೆಯವರ ಮೇಲೆ ಹೊರಿಸಬೇಕೇ? ನಮ್ಮ ಪ್ರಬೋಧನೆಗಳು ಇಲ್ಲಿ ಸ್ವಲ್ಪ ಎಚ್ಚರ ವಹಿಸಬೇಕು. ತಂದೆಯ ಬುದ್ಧಿ ಮಂಕಾದರೂ ತಾಳ್ಮೆಯಿಂದಿರು, ಅವನನ್ನು ಹೀಗಳೆಯಬೇಡ ಎಂದು ಸಿರಾಖನು ಮಗನಿಗೆ ಬುದ್ಧಿ ಹೇಳುತ್ತಾನೆ. ಮಗನಿಗೆ! ನಮ್ಮ ಮನೆಗಳಲ್ಲಿ ಆ ಮಾತನ್ನು ಪಾಲಿಸಬೇಕಾದವಳು ಸೊಸೆ. ಮಗ ಪುಣೆಯಲ್ಲಿಯೋ ಗೋವೆಯಲ್ಲಿಯೋ ದುಡಿಯುತ್ತಿರುತ್ತಾನೆ, ಇಲ್ಲವೇ ತಿಕೋಟಾದ ತೋಟದಲ್ಲಿ ದ್ರಾಕ್ಷಿ ಬಳ್ಳಿ ಕತ್ತರಿಸುವ ಹಂಗಾಮೆಂದು ಬಿಡುವಿಲ್ಲದಿರುತ್ತಾನೆ. ರಾತ್ರಿಯಿಡೀ ಎಚ್ಚರವಿದ್ದು, ದಿನಕ್ಕೆ ನಾಲ್ಕು ಬಾರಿ ಹಾಸಿಗೆ ಬದಲಿಸುವ ಆ ಹೆಣ್ಣುಮಗಳು ಒಂದು ದಿನ ಸಿಡುಕಿದರೆ, ಅತ್ತೆಯನ್ನು ಆಸ್ಪತ್ರೆಗೆ ಸೇರಿಸೋಣವೆಂದರೆ, ಅವಳಿಗೆ ಕರುಣೆಯಿಲ್ಲವೆನ್ನಲು ನಾಲ್ಕು ಮಂದಿ ಸಿದ್ಧರಿರುತ್ತಾರೆ. ಆ ನಾಲ್ವರಲ್ಲಿ ಒಬ್ಬರಾದರೂ ಒಂದು ರಾತ್ರಿ ವಾರ್ಡಿನಲ್ಲಿ ಅತ್ತೆಯ ಪಕ್ಕ ಕುಳಿತು, ಅವಳನ್ನು ಮಲಗಲು ಕಳುಹಿಸಿದ್ದುಂಟೇ? ಹೆತ್ತವರನ್ನು ಗೌರವಿಸಬೇಕೆಂಬ ಆಜ್ಞೆಯನ್ನು ಒಬ್ಬಳ ಬೆನ್ನಿಗೆ ಕಟ್ಟಿ ಉಳಿದವರು ಅದರ ಪುಣ್ಯದಲ್ಲಿ ಪಾಲು ಕೇಳುವುದು ಅನ್ಯಾಯ.

ಧರ್ಮಕೇಂದ್ರವು ಮಾಡಬಹುದಾದ ಕೆಲಸ ಬಹಳವಿದೆ. ಕೆಲವನ್ನಷ್ಟೇ ಹೇಳುತ್ತೇನೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕನ್ನಡದಲ್ಲಿಯೂ ಮಾತನಾಡಬಹುದು, ಹಣ ಕೊಡಬೇಕಿಲ್ಲ. ಇದನ್ನು ದೇವಾಲಯದ ಪ್ರಕಟಣಾ ಫಲಕದಲ್ಲಿ ಬರೆದಿಡಿ. ಆಸ್ಪತ್ರೆಯಲ್ಲಿ ಪಾಳಿಯ ಮೇಲೆ ಉಳಿಯುವವರ ಒಂದು ಚಿಕ್ಕ ಪಟ್ಟಿಯನ್ನು ಸಂತ ವಿನ್ಸೆಂಟ್ ದಿ ಪೌಲ್ ಸಭೆಯವರು ಮಾಡಿಟ್ಟುಕೊಳ್ಳಲಿ. ಮನೋರೋಗ ವಿಭಾಗದಲ್ಲಿರುವವರಿಗೂ ಪರಮಪ್ರಸಾದ ಒಯ್ಯಲು ಗುರುಗಳನ್ನು ಕರೆಯಿರಿ, ನಾಚಿಕೆಯಿಂದ ಮುಚ್ಚಿಡಬೇಡಿರಿ.

ಇನ್ನೊಂದು ವಿಷಯ ಅನೇಕರಿಗೆ ತಿಳಿದಿಲ್ಲ. ತಾನು ಅಸ್ವಸ್ಥನಾದಾಗ ತನ್ನ ಪರವಾಗಿ ನಿಲ್ಲಲು ಯಾವ ವಯಸ್ಕ ವ್ಯಕ್ತಿಯೂ ಒಬ್ಬ ಪ್ರತಿನಿಧಿಯನ್ನು ಮುಂಚಿತವಾಗಿಯೇ ಹೆಸರಿಸಬಹುದೆಂದು ಅದೇ ಕಾಯ್ದೆ ಹೇಳುತ್ತದೆ. ಆ ಪ್ರತಿನಿಧಿ ರಕ್ತಸಂಬಂಧಿಯೇ ಆಗಿರಬೇಕಿಲ್ಲ. ವಯಸ್ಕನಾಗಿದ್ದು, ಆ ಹೊಣೆ ಹೊರಲು ಶಕ್ತನಾಗಿ, ಲಿಖಿತವಾಗಿ ಒಪ್ಪಿಕೊಂಡಿರಬೇಕು, ಅಷ್ಟೆ. ಬಿಳಿಯ ಹಾಳೆಯ ಮೇಲೆ ಬರೆದು ಸಹಿ ಹಾಕಿದರೆ ಸಾಕು, ಸಹಿ ಬಾರದವರು ಹೆಬ್ಬೆಟ್ಟು ಒತ್ತಬಹುದು. ಮಕ್ಕಳಿಲ್ಲದ ವಿಧವೆಯರು, ಮಕ್ಕಳು ದೂರದೂರಿನಲ್ಲಿರುವ ದಂಪತಿಗಳು ಪ್ರತಿ ಧರ್ಮಕೇಂದ್ರದಲ್ಲಿಯೂ ಇದ್ದಾರೆ. ಮುಂದಿನ ಮನೆಭೇಟಿಯಲ್ಲಿ ಆ ಹಾಳೆಯ ಮೇಲೆ ಯಾರ ಹೆಸರು ಬರೆಯುವಿರೆಂದು ಅವರನ್ನು ಕೇಳಿ ನೋಡಿ.