ಕೈಗೆಟಕುವ ಬೇಟೆ



ಬೆಂಗಳೂರಿನ ಜಯನಗರಕ್ಕೆ ತಾಗಿಕೊಂಡಿರುವ ತಿಲಕ್‌ನಗರದ ಒಂದು ಮನೆಯ ಮಾತಿನಿಂದ ಆರಂಭಿಸುತ್ತೇನೆ. ಆ ಮನೆಯ ಮಗ ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಉದ್ಯೋಗದಲ್ಲಿದ್ದಾನೆ. ಈ ಸಲ ಸೆಪ್ಟೆಂಬರಿನಲ್ಲಿ ಬಿಲ್ಲು ಬಾಣ ಹಿಡಿದು ಎಲ್ಕ್ ಬೇಟೆಗೆ ಹೋಗುತ್ತೇನೆಂದು ಅವನು ತಾಯಿಗೆ ಫೋನಿನಲ್ಲಿ ತಿಳಿಸಿದ. ಎಲ್ಕ್ ಎಂದರೆ ನಮ್ಮ ಕಡವೆಯ ಬಳಗದ, ಅದಕ್ಕಿಂತಲೂ ದೊಡ್ಡ ಪ್ರಾಣಿ. ಬಲಿತ ಗಂಡು ಮುನ್ನೂರು ಕಿಲೋ ತೂಗುವುದುಂಟು. ತಾಯಿಗೆ ಗಾಬರಿಯಾಯಿತು. ಶಿಕಾರಿ ಎಂದರೆ ನವಾಬರ ಮೋಜು ಎಂದೇ ಆಕೆ ತಿಳಿದಿದ್ದರು. "ಇದು ನಮಗೆ ಸಲ್ಲುತ್ತದೆಯೇ ಮಗಾ? ಆ ಮಾಂಸ ಹಲಾಲೇ?" ಎಂದು ಕೇಳಿದರು.

ಬೇಟೆ ಮೂಲತಃ ಹಲಾಲ್. ಹಝ್ರತ್ ಇಸ್ಮಾಈಲ್(ಅ) ಬಿಲ್ಲುಗಾರರಾಗಿದ್ದರೆಂದು ಪ್ರವಾದಿ(ಸ)ರವರೇ ಹೇಳಿದ್ದಾರೆ. ಹಝ್ರತ್ ಹಂಝಾ(ರ) ಇಸ್ಲಾಮ್ ಸ್ವೀಕರಿಸಿದ ದಿನ ಬೇಟೆಯಿಂದ ಮರಳುತ್ತಿದ್ದರು. ಅಬೂಜಹಲನ ತಲೆಗೆ ಬಿದ್ದದ್ದು ಅದೇ ಬಿಲ್ಲಿನ ಏಟು. ಆದರೆ ಬೇಟೆಯ ಬೆನ್ನು ಹತ್ತಿದವನು ಗಾಫಿಲನಾಗುತ್ತಾನೆ ಎಂಬ ಎಚ್ಚರಿಕೆಯೂ ಹದೀಸಿನಲ್ಲಿದೆ. ಹಕ್ಕಿಯೊಂದನ್ನು ಕಟ್ಟಿಹಾಕಿ ಅದಕ್ಕೆ ಗುರಿಯಿಡುತ್ತಿದ್ದ ಯುವಕರನ್ನು ಕಂಡು ಹಝ್ರತ್ ಇಬ್ನು ಉಮರ್(ರ) ಕೋಪಗೊಂಡರು. ಜೀವವಿರುವುದನ್ನು ಮೋಜಿಗಾಗಿ ಗುರಿ ಮಾಡಿಕೊಳ್ಳುವವನು ಶಾಪಕ್ಕೆ ಅರ್ಹನೆಂದು ಪ್ರವಾದಿ(ಸ)ರವರು ಹೇಳಿದ್ದಾರೆಂದು ಅವರಿಗೆ ನೆನಪಿಸಿದರು.

ಮಗ ವಿವರಿಸಿದ ಸಿದ್ಧತೆಯಲ್ಲಿ ಮೋಜಿನ ವಾಸನೆ ಕಡಿಮೆಯೇ. ಅಲ್ಲಿ ಮೊದಲು ಬೇಟೆಯ ತರಬೇತಿ ಪಡೆದು ಪ್ರಮಾಣಪತ್ರ ಪಡೆಯಬೇಕು, ಆಮೇಲೆ ಪರವಾನಗಿ. ವಸಂತದಿಂದಲೇ ಪ್ರತಿದಿನ ಬಾಣ ಬಿಟ್ಟು ಅಭ್ಯಾಸ. ಎಷ್ಟು ಗಜ ದೂರದವರೆಗೆ ತನ್ನ ಬಾಣಗಳು ತಪ್ಪದೆ ಒಂದೇ ಕಡೆ ನಾಟುತ್ತವೆಯೋ ಅಷ್ಟೇ ತನ್ನ ಮಿತಿ. ನಲವತ್ತು ಗಜ ಎಂದರೆ ನಲವತ್ತೇ. ಬೇಸಿಗೆಯಲ್ಲಿ ನಕ್ಷೆ ಹಿಡಿದು ಬೆಟ್ಟ ಹತ್ತಬೇಕು. ಗೊರಸಿನ ಗುರುತು, ಹಿಕ್ಕೆ, ಕೊಂಬು ಉಜ್ಜಿದ ಮರದ ತೊಗಟೆ, ಗಂಡುಗಳು ಹೊರಳಾಡುವ ಕೆಸರಿನ ಗುಂಡಿ, ನೀರಿಗೆ ಹೋಗುವ ದಾರಿ, ಇವನ್ನೆಲ್ಲ ನೋಡಿಟ್ಟುಕೊಳ್ಳಬೇಕು. ಗಾಳಿಯ ಲೆಕ್ಕ ಎಲ್ಲಕ್ಕಿಂತ ಮುಖ್ಯ. ಬೆಳಗಿನ ತಂಪಿನಲ್ಲಿ ಗಾಳಿ ಇಳಿಜಾರಿನಲ್ಲಿ ಕೆಳಕ್ಕೆ ಹರಿಯುತ್ತದೆ, ಬಿಸಿಲೇರಿದ ಮೇಲೆ ಮೇಲಕ್ಕೆ. ಮನುಷ್ಯನ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಎಲ್ಕ್ ಅಲ್ಲಿ ನಿಲ್ಲುವುದಿಲ್ಲ. ಇಷ್ಟೆಲ್ಲ ಮಾಡಿದವರಲ್ಲೂ ಬರಿಗೈಯಲ್ಲಿ ಮರಳುವವರೇ ಹೆಚ್ಚಂತೆ.

ಹಝ್ರತ್ ಉಕ್ಬಾ ಬಿನ್ ಆಮಿರ್(ರ) ಇಳಿವಯಸ್ಸಿನಲ್ಲೂ ಎರಡು ಗುರಿಗಳ ನಡುವೆ ಓಡಾಡುತ್ತಾ ಬಾಣ ಬಿಡುತ್ತಿದ್ದರು. ಈ ವಯಸ್ಸಿನಲ್ಲಿ ಇಷ್ಟು ಕಷ್ಟವೇಕೆ ಎಂದು ಒಬ್ಬರು ಕೇಳಿದಾಗ, ಕಲಿತ ಬಿಲ್ವಿದ್ಯೆಯನ್ನು ಕೈಬಿಡುವವನು ನಮ್ಮವನಲ್ಲವೆಂದು ಪ್ರವಾದಿ(ಸ)ರವರಿಂದ ಕೇಳಿದ್ದೇನೆ ಎಂದರು. ಬೇಟೆಗಾರನ ಅಭ್ಯಾಸಕ್ಕೆ ಇನ್ನೊಂದು ಕಾರಣವೂ ಇದೆ. ಝಬಹ್ ಮಾಡುವಾಗ ಕತ್ತಿಯನ್ನು ಹರಿತಗೊಳಿಸಿ ಪ್ರಾಣಿಗೆ ನೆಮ್ಮದಿ ನೀಡಬೇಕೆಂಬ ಆಜ್ಞೆಯಿದೆಯಲ್ಲವೇ? ಗುರಿ ತಪ್ಪಿದ ಬಾಣ ಮೊಂಡು ಕತ್ತಿಗಿಂತ ಕ್ರೂರ.

ಮಾಂಸದ ವಿಷಯದಲ್ಲಿ ಹಝ್ರತ್ ಅದೀ ಬಿನ್ ಹಾತಿಮ್(ರ) ಕೇಳಿದ ಪ್ರಶ್ನೆಗಳೇ ನಮಗೆ ದಾರಿ. ಬಾಣ ಬಿಡುವಾಗ ಅಲ್ಲಾಹನ ಹೆಸರು ಹೇಳಬೇಕು. ಬೇಕೆಂದೇ ಬಿಟ್ಟರೆ ಹನಫೀ ಮದ್ಹಬಿನಲ್ಲಿ ಆ ಮಾಂಸ ಹರಾಮ್. ಹರಿತವಾದ ಮೊನೆ ಸೀಳಿರಬೇಕು. ಅಡ್ಡಬಡಿದು ಸತ್ತದ್ದು ಹಲಾಲಲ್ಲ. ಜೀವವಿರುವಾಗಲೇ ಸಿಕ್ಕಿದರೆ ಝಬಹ್ ಮಾಡಬೇಕು. ನೀರಿನಲ್ಲಿ ಬಿದ್ದು ಸತ್ತಿದ್ದರೆ ತಿನ್ನಬಾರದು, ಏಕೆಂದರೆ ಕೊಂದದ್ದು ಬಾಣವೋ ನೀರೋ ಗೊತ್ತಿಲ್ಲ. ಹುಡುಕಿ ಹೋಗಿ ಮರುದಿನ ಸಿಕ್ಕಿ, ನಿಮ್ಮ ಬಾಣದ ಗುರುತಲ್ಲದೆ ಬೇರಾವ ಗಾಯವೂ ಇಲ್ಲದಿದ್ದರೆ ತಿನ್ನಬಹುದು. ತಾಯಿ ಇದನ್ನೆಲ್ಲ ತಿಳಿದುಕೊಂಡು ಸಮಾಧಾನಪಟ್ಟರು.

ತೊಡಕು ಶುರುವಾದದ್ದು ಆಮೇಲೆ. ಗುರಪ್ಪನಪಾಳ್ಯದಲ್ಲಿರುವ ಆಕೆಯ ತಂಗಿಯ ಮಗನಿಗೂ ಬಿಲ್ಲಿನ ಹುಚ್ಚು. ಅವನ ಬೀದಿಯ ಪಕ್ಕದ ಬನ್ನೇರುಘಟ್ಟ ರಸ್ತೆ ನೇರ ಕಾಡಿನ ಕಡೆಗೇ ಹೋಗುತ್ತದೆ. ಕಾಡಂಚಿನಲ್ಲಿ ತೋಟವಿರುವ ಗೆಳೆಯನೊಬ್ಬ, ಸಂಜೆ ಹೊಂಡಕ್ಕೆ ಜಿಂಕೆಗಳು ಬರುತ್ತವೆ ಎಂದು ಆಸೆ ಹುಟ್ಟಿಸಿದ. "ದೊಡ್ಡಮ್ಮಾ, ಅಲ್ಲಿ ಅಣ್ಣನಿಗೆ ಹಲಾಲಾದದ್ದು ಇಲ್ಲಿ ನನಗೆ ಹೇಗೆ ಹರಾಮಾಗುತ್ತದೆ?" ಎಂದು ಹುಡುಗ ಕೇಳಿದ. ಪ್ರಶ್ನೆ ಚುರುಕಾಗಿದೆ, ಒಪ್ಪಬೇಕು.

ಸೂರಃ ಅಲ್ ಮಾಇದಃ ತೆರೆಯಿರಿ. ನಿಮ್ಮ ಕೈಗಳಿಗೂ ಈಟಿಗಳಿಗೂ ಎಟಕುವ ಬೇಟೆಯ ಮೂಲಕ ಅಲ್ಲಾಹನು ನಿಮ್ಮನ್ನು ಪರೀಕ್ಷಿಸುವನೆಂದು 94ನೇ ವಚನ ತಿಳಿಸುತ್ತದೆ. ಇದು ಹುದೈಬಿಯಾದ ಸಮಯದ್ದೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಸಹಾಬಿಗಳು ಇಹ್ರಾಮಿನಲ್ಲಿದ್ದರು, ಪ್ರಾಣಿಗಳು ಡೇರೆಗಳ ಬಳಿಗೇ ಬರುತ್ತಿದ್ದವು. ಹಸಿವಿತ್ತು, ಆಯುಧವಿತ್ತು, ಕೈ ಚಾಚಬಾರದಿತ್ತು, ಅಷ್ಟೇ.

ಅದೇ ಪಯಣದಲ್ಲಿ ಹಝ್ರತ್ ಅಬೂ ಕತಾದಾ(ರ) ಮಾತ್ರ ಇಹ್ರಾಮಿನಲ್ಲಿರಲಿಲ್ಲ. ಸಂಗಡಿಗರು ಕಾಡುಕತ್ತೆಯೊಂದನ್ನು ಕಂಡರು, ಪರಸ್ಪರ ನೋಡಿ ನಕ್ಕರು, ಆದರೆ ಅವರಿಗೆ ತೋರಿಸಲಿಲ್ಲ. ಅವರೇ ಕಂಡು ಕುದುರೆಯೇರಿ, ಕೆಳಗೆ ಬಿದ್ದ ಚಾವಟಿ ಎತ್ತಿಕೊಡಿ ಎಂದಾಗಲೂ ಯಾರೂ ಎತ್ತಿಕೊಡಲಿಲ್ಲ. ಬಳಿಕ ಪ್ರವಾದಿ(ಸ)ರವರು ವಿಚಾರಿಸಿದ್ದೇನು? ನಿಮ್ಮಲ್ಲಿ ಯಾರಾದರೂ ಅದರತ್ತ ಸನ್ನೆ ಮಾಡಿದ್ದಿರಾ ಎಂದು. ಇಲ್ಲವೆಂದಾಗ ತಿನ್ನಲು ಅನುಮತಿ ನೀಡಿದರು. ಓದುಗರೇ, ಸುಳಿವು ಕೊಡುವುದೂ ಬೇಟೆಯಲ್ಲಿ ಪಾಲುದಾರಿಕೆ. ತೋಟದ ಗೆಳೆಯನೂ ಇದನ್ನು ಓದಲಿ.

ಇಹ್ರಾಮ್ ಅಲ್ಲಾಹನ ವಿಧಿ, ಕಾಯಿದೆ ಮನುಷ್ಯರದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಆದರೆ ಇದೇ ಸೂರಃದ ಮೊದಲ ವಚನವನ್ನು ಗಮನಿಸಿ. ಇಹ್ರಾಮಿನಲ್ಲಿ ಬೇಟೆ ಸಲ್ಲದೆಂದು ಹೇಳುವ ಆ ವಚನ, ಕರಾರುಗಳನ್ನು ಪಾಲಿಸಿರಿ ಎಂಬ ಆಜ್ಞೆಯಿಂದಲೇ ಆರಂಭವಾಗುತ್ತದೆ. ಈ ನಾಡಿನಲ್ಲಿ ಬಾಳುವ ನಾವು ಇಲ್ಲಿನ ಕಾನೂನಿಗೆ ಬದ್ಧರೆಂಬ ಕರಾರಿನಲ್ಲಿದ್ದೇವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ನಿಷೇಧಿಸಿದೆ. ಕೊಲ್ಲುವುದಷ್ಟೇ ಅಲ್ಲ, ಬಲೆಯೊಡ್ಡುವುದು, ಸೋವುವುದು, ಆಮಿಷವಿಡುವುದು, ಕೊನೆಗೆ ಪ್ರಯತ್ನ ಕೂಡ ಅದರಲ್ಲಿ ಬೇಟೆಯೇ. 1974ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಬನ್ನೇರುಘಟ್ಟದೊಳಗೆ ಬೇಟೆಯಾಡಿದರೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ ಸೆರೆ. ಜೈಲಿನ ಭಯಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಹಾಗೆ ಕೊಂದ ಪ್ರಾಣಿ ಕಾಯಿದೆಯ ಪ್ರಕಾರ ಸರಕಾರದ ಸೊತ್ತು, ಅಂದರೆ ಎಲ್ಲರ ಸೊತ್ತು. ಅದನ್ನು ಬಿಸ್ಮಿಲ್ಲಾಹ್ ಹೇಳಿ ಹೊಡೆದರೂ ಪರರದ್ದನ್ನು ತಿಂದಂತೆಯೇ ಅಲ್ಲವೇ? "ತೋಟದ ಕಡೆಯ ಮಾಂಸ" ಎಂದು ಯಾರೋ ಪೊಟ್ಟಣ ತಂದುಕೊಟ್ಟಾಗ ಸುಮ್ಮನೆ ಒಲೆಯ ಮೇಲಿಡುವ ಮನೆಗಳೂ ಇದನ್ನು ಯೋಚಿಸಬೇಕು. ಯಾವ ಪ್ರಾಣಿ, ಎಲ್ಲಿಂದ ಬಂತು ಎಂದು ಕೇಳುವುದು ಅಗೌರವವಲ್ಲ.

ಹುಡುಗ ಈಗ ಹುಲ್ಲಿನ ಗುರಿಗೆ ಬಾಣ ಬಿಡುತ್ತಾನೆ. ತೋಟದ ಗೆಳೆಯನ ಮೇಲೆ ಸ್ವಲ್ಪ ಮುನಿಸಿದೆ, ದೊಡ್ಡಮ್ಮನ ಮೇಲೂ ಇದೆ.

ಕೊಲೊರಾಡೊದ ಮಗನ ಫೋನು ಸೆಪ್ಟೆಂಬರಿನ ಕೊನೆಯಲ್ಲಿ ಬಂತು. ಒಂಬತ್ತು ದಿನ ಬೆಟ್ಟದಲ್ಲಿದ್ದನಂತೆ. ಕೊನೆಯ ಸಂಜೆ ದೊಡ್ಡ ಗಂಡೊಂದು ಐವತ್ತೈದು ಗಜ ದೂರದಲ್ಲಿ ಬಂದು ನಿಂತಿತು. ಬಿಲ್ಲು ಎಳೆದವನು ಇಳಿಸಿಬಿಟ್ಟ; ಅವನ ಮಿತಿ ನಲವತ್ತು.

"ಬರಿಗೈಯಲ್ಲಿ ಬಂದೆ ಅಮ್ಮಿ" ಎಂದ.

"ಆಗಲಿ ಬಿಡು. ಆ ಸಂಜೆಯ ಮಗ್ರಿಬ್ ಕಝಾ ಆಗಲಿಲ್ಲ ತಾನೇ?" ಎಂದು ತಾಯಿ ಕೇಳಿದರು.