ಕರುಣೆಯ ಮನೆಯಲ್ಲಿ ಲೆಕ್ಕದ ಪುಸ್ತಕವು



ನಮ್ಮ ಹಳ್ಳಿಯ ಸಭೆಗಳಲ್ಲಿ ಮಿಶನ್ ಆಸ್ಪತ್ರೆಯ ಮಾತು ಬಂದಾಗಲೆಲ್ಲಾ ಒಂದು ಗುಣುಗುಟ್ಟುವಿಕೆಯು ಕೇಳಬರುತ್ತದೆ. ಕರ್ತನು ಕುಷ್ಠರೋಗಿಯನ್ನು ಮುಟ್ಟಿ ಸ್ವಸ್ಥಮಾಡಿದಾಗ ರಸೀದಿ ಬರೆದನೋ? ಉಚಿತವಾಗಿ ಹೊಂದಿದ್ದನ್ನು ಉಚಿತವಾಗಿ ಕೊಡಬೇಕೆಂದು ಶಿಷ್ಯರಿಗೆ ಅಪ್ಪಣೆಯಾಗಲಿಲ್ಲವೋ? ಹಾಗಾದರೆ ಆತನ ಹೆಸರನ್ನು ಬಾಗಲ ಮೇಲೆ ಬರೆದಿರುವ ಮನೆಯಲ್ಲಿ ಹಣ ಕಟ್ಟುವ ಕಿಟಕಿಯು ಯಾಕೆ? ಹೀಗೆ ಕೇಳುವವರನ್ನು ಜಿಪುಣರೆಂದು ಹೇಳಿ ತಳ್ಳಿಬಿಡುವದು ನ್ಯಾಯವಲ್ಲ. ಅವರ ಪ್ರಶ್ನೆಗೆ ವೇದದಲ್ಲಿ ಆಧಾರವುಂಟು. ನಾಮಾನನು ಹೊತ್ತು ತಂದ ಬೆಳ್ಳಿ ಬಂಗಾರಗಳನ್ನು ಎಲೀಷನು ಕೈಯಿಂದಲೂ ಮುಟ್ಟಲಿಲ್ಲ. ಹಿಂದಿನಿಂದ ಓಡಿಹೋಗಿ ಅದರಲ್ಲಿ ಪಾಲು ತೆಗೆದುಕೊಂಡ ಗೇಹಜಿಗೆ ನಾಮಾನನ ಕುಷ್ಠವೇ ಅಂಟಿಕೊಂಡಿತು.

ಆದರೆ ಎಲೀಷನು ಬರೆದುಕೊಟ್ಟ ಔಷಧವು ಯೊರ್ದನ್ ಹೊಳೆಯ ನೀರಾಗಿತ್ತೆಂಬದನ್ನೂ ನೆನಸಬೇಕು. ಆ ನೀರಿಗೆ ಅಂಗಡಿಯಲ್ಲಿ ಕ್ರಯವಿರಲಿಲ್ಲ. ನಮ್ಮ ಆಸ್ಪತ್ರೆಗಳಲ್ಲಿ ದೇವರು ಸ್ವಸ್ಥಮಾಡುವದು ಸೂಜಿಯ ಮೂಲಕವೂ, ಪ್ರಾಣವಾಯುವಿನ ಸಿಲಿಂಡರಿನ ಮೂಲಕವೂ, ರಾತ್ರಿಯೆಲ್ಲಾ ಎಚ್ಚರವಾಗಿ ಕೂತಿರುವ ದಾದಿಯ ಮೂಲಕವೂ ಆಗಿದೆ. ಇವೆಲ್ಲವುಗಳಿಗೆ ಯಾರೋ ಒಬ್ಬರು ಹಣ ಕೊಡಲೇ ಬೇಕು.

ನನಗೆ ತೋಚುವ ಪ್ರಕಾರ ಈ ವಿಷಯಕ್ಕೆ ಹತ್ತಿರವಾದ ಪಾಠವು ಲೂಕನ ಸುವಾರ್ತೆಯ ೧೦ನೆಯ ಅಧ್ಯಾಯದಲ್ಲಿದೆ. ಸಮಾರ್ಯದವನು ಗಾಯಪಟ್ಟವನಿಗೆ ತನ್ನ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದು, ಛತ್ರಕ್ಕೆ ಕರಕೊಂಡು ಹೋಗಿ, ಮರುದಿನ ಎರಡು ದಿನಾರಿಗಳನ್ನು, ಅಂದರೆ ಆಳಿನ ಎರಡು ದಿನದ ಕೂಲಿಯನ್ನು, ಛತ್ರದವನ ಕೈಯಲ್ಲಿಟ್ಟನು. ಹೆಚ್ಚು ಖರ್ಚಾದರೆ ತಿರಿಗಿ ಬರುವಾಗ ತೀರಿಸುವೆನೆಂದೂ ಹೇಳಿದನು. ನಾವು ಯಾವಾಗಲೂ ಸಮಾರ್ಯದವನನ್ನು ಕುರಿತೇ ಪ್ರಸಂಗ ಮಾಡುತ್ತೇವೆ. ಛತ್ರದವನನ್ನು ಯಾರೂ ಕೇಳುವದಿಲ್ಲ. ಅವನು ಹಣ ತೆಗೆದುಕೊಂಡನೆಂದು ಕರ್ತನು ಅವನನ್ನು ಗದರಿಸಲಿಲ್ಲ. ಸಮಾರ್ಯದವನ ಮಾತು ನಿಲ್ಲಬೇಕಾದರೆ ಛತ್ರದವನು ದಿನದಿನದ ಖರ್ಚನ್ನು ಎಲ್ಲಿಯಾದರೂ ಗುರುತು ಹಾಕಿಡಬೇಕಾಗಿತ್ತು. ನಮ್ಮ ಆಸ್ಪತ್ರೆಗಳು ಆ ಛತ್ರದವನ ಸ್ಥಾನದಲ್ಲಿವೆ.

ಪೂರ್ವದಲ್ಲಿ ತಿರಿಗಿ ಬಂದು ತೀರಿಸುವವರು ಸಮುದ್ರದ ಆಚೆಯಲ್ಲಿದ್ದರು. ವೇಲೂರಿನಲ್ಲಿ ಡಾಕ್ಟರ್ ಐಡಾ ಸ್ಕಡರಮ್ಮನವರು ೧೯೦೦ರಲ್ಲಿ ಒಂದೇ ಮಂಚದಿಂದ ಆರಂಭಿಸಿದ ಕೆಲಸವು ೧೯೦೨ರಲ್ಲಿ ೪೦ ಮಂಚಗಳ ಆಸ್ಪತ್ರೆಯಾದದ್ದು, ಅಮೇರಿಕದ ಒಬ್ಬ ದೊಡ್ಡ ಮನುಷ್ಯನು ತೀರಿಹೋದ ತನ್ನ ಹೆಂಡತಿಯ ನೆನಪಿಗಾಗಿ ಕೊಟ್ಟ ೧೦,೦೦೦ ಡಾಲರುಗಳಿಂದ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯು ೧೯೦೬ರಲ್ಲಿಯೂ, ಉಡುಪಿಯಲ್ಲಿ ಡಾಕ್ಟರ್ ಈವಾ ಲೊಂಬಾರ್ಡಮ್ಮನವರ ಆಸ್ಪತ್ರೆಯು ೧೯೨೩ರಲ್ಲಿಯೂ ಹುಟ್ಟಿದಾಗ ಹೊರದೇಶದ ಸಭೆಗಳ ಕಾಣಿಕೆಯೇ ಆಧಾರವಾಗಿತ್ತು. ಆದರೆ ಅಂಥ ಆಧಾರವು ಒಂದೇ ದಿನದಲ್ಲಿ ಕಡಿದುಹೋಗಬಹುದೆಂಬದನ್ನು ನಮ್ಮ ಹಿರಿಯರು ೧೯೧೪ರ ಯುದ್ಧಕಾಲದಲ್ಲಿ ಕಂಡರು. ಬಾಸೆಲ್ ಮಿಶನಿನ ಜರ್ಮನ್ ಬೋಧಕರು ಸೆರೆಯಾದರು, ಹಂಚಿನ ಕಾರ್ಖಾನೆಗಳೂ ನೆಯ್ಗೆಯ ಕಾರ್ಖಾನೆಗಳೂ ಮಿಶನಿನ ಕೈಬಿಟ್ಟುಹೋದವು. ಈಗಲಾದರೋ ಹೊರದೇಶದ ಹಣವು ೨೦೧೦ರ ಕಾಯಿದೆಗೂ ೨೦೨೦ರ ತಿದ್ದುಪಡಿಗೂ ಒಳಪಟ್ಟು, ನೋಂದಣಿಯನ್ನಾಗಲಿ ಮುಂಚಿತವಾದ ಅನುಮತಿಯನ್ನಾಗಲಿ ಹೊಂದಿದವರಿಗೆ ಮಾತ್ರ, ದೆಹಲಿಯ ಒಂದು ಗೊತ್ತಾದ ಬ್ಯಾಂಕು ಶಾಖೆಯ ಮೂಲಕವೇ ಬರಬೇಕು.

ಯಾರು ಕೊಡುತ್ತಾರೆಂದು ಬರೆದಿಡದಿದ್ದರೆ ಕೊಡಬಾರದವರು ಕೊಡುತ್ತಾರೆ. ಮೂರು ತಿಂಗಳು ಸಂಬಳ ಕಾಣದ ದಾದಿಯು ಕೊಡುತ್ತಾಳೆ. ಕೆಟ್ಟ ಯಂತ್ರವನ್ನು ರಿಪೇರಿ ಮಾಡಿಸದ್ದರಿಂದ ಮುಂದಿನ ವರುಷ ಬರುವ ರೋಗಿಯು ಕೊಡುತ್ತಾನೆ. ಅವರು ಧರ್ಮಮಾಡಿದ್ದಾರೆಂದು ಯಾರೂ ಹೇಳುವದಿಲ್ಲ, ಯಾಕಂದರೆ ಯಾರೂ ಅವರನ್ನು ಕೇಳಿಯೇ ಇಲ್ಲ.

ಲೆಕ್ಕವೆಂದರೇನೆಂದು ಒಂದು ದೃಷ್ಟಾಂತದಿಂದ ನೋಡೋಣ. ೪೦ ಮಂಚಗಳ ಒಂದು ಚಿಕ್ಕ ಆಸ್ಪತ್ರೆಯನ್ನು ಊಹಿಸಿಕೊಳ್ಳಿರಿ. ಸಂಬಳ, ವಿದ್ಯುತ್ತು, ಕಾವಲು, ನೀರು ಇವುಗಳಿಗೆ ತಿಂಗಳಿಗೆ ೭,೨೦,೦೦೦ ರೂಪಾಯಿ ಬೀಳುತ್ತದೆನ್ನೋಣ; ರೋಗಿಗಳು ಬಂದರೂ ಸರಿ, ಬಾರದಿದ್ದರೂ ಸರಿ, ಇದು ತಪ್ಪದು. ಒಬ್ಬ ರೋಗಿಯ ಔಷಧಕ್ಕೂ ಊಟಕ್ಕೂ ದಿನಕ್ಕೆ ೪೦೦ ರೂಪಾಯಿ ಬೇರೆ. ದಿನಾಲು ೨೪ ಮಂಚಗಳು ತುಂಬಿದ್ದರೆ ೩೦ ದಿನಕ್ಕೆ ೭೨೦ ಮಂಚದಿನಗಳಾಗುತ್ತವೆ. ತಪ್ಪದ ಖರ್ಚು ಒಬ್ಬನ ತಲೆಗೆ ದಿನಕ್ಕೆ ೧,೦೦೦, ಔಷಧ ಊಟ ಸೇರಿ ೧,೪೦೦. ೧೬ ಮಂಚಗಳೇ ತುಂಬಿದರೆ ಮಂಚದಿನಗಳು ೪೮೦. ಆಗ ಒಬ್ಬನಿಗೆ ೧,೫೦೦, ಕೂಡಿ ೧,೯೦೦. ರೋಗವೂ ಒಂದೇ, ಔಷಧವೂ ಒಂದೇ, ಆದರೂ ೫೦೦ ರೂಪಾಯಿ ಹೆಚ್ಚು. ಖಾಲಿ ಮಂಚವು ಕೂತು ತಿನ್ನುವ ಎತ್ತಿನ ಹಾಗಿದೆ.

ಈ ಲೆಕ್ಕದೊಳಗೆ ಕರುಣೆಗೆ ಒಂದು ಬಾಗಲು ಉಂಟು. ಹದಿನಾರು ಮಂಚಗಳು ತುಂಬಿ ಇಪ್ಪತ್ತನಾಲ್ಕು ಖಾಲಿಯಾಗಿರುವಾಗ ಒಬ್ಬ ಬಡವನನ್ನು ಒಳಗೆ ಕರಕೊಂಡರೆ ಆಸ್ಪತ್ರೆಗೆ ಹೊಸದಾಗಿ ಬೀಳುವ ಖರ್ಚು ೧,೯೦೦ ಅಲ್ಲ, ೪೦೦ ಮಾತ್ರ. ಲೆಕ್ಕ ತಿಳಿಯದ ಮೇಲ್ವಿಚಾರಕನು ದೊಡ್ಡ ಅಂಕಿಗೆ ಹೆದರಿ ಅವನನ್ನು ಹಿಂದೆ ಕಳುಹಿಸಿಯಾನು. ಲೆಕ್ಕ ತಿಳಿದವನು ಧೈರ್ಯವಾಗಿ ಒಳಗೆ ಕರೆಯುವನು. ಆದರೆ ಎಲ್ಲರನ್ನೂ ನಾನೂರಕ್ಕೆ ನೋಡುತ್ತಾ ಹೋದರೆ ಆ ಏಳು ಲಕ್ಷ ಇಪ್ಪತ್ತು ಸಾವಿರವನ್ನು ಹೊರುವವರಿಲ್ಲದೆ ಬಾಗಲೇ ಮುಚ್ಚೀತು. ಈ ಎರಡು ಸಂಗತಿಗಳನ್ನು ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಳ್ಳುವದೇ ಆಸ್ಪತ್ರೆಯ ಮನೆವಾರ್ತೆಯವನ ವಿದ್ಯೆ.

ಇನ್ನೊಂದು ಸಂಗತಿಯು ಒಕ್ಕಲಿಗರಿಗೆ ಚೆನ್ನಾಗಿ ಗೊತ್ತು. ಕಬ್ಬನ್ನು ಕಾರ್ಖಾನೆಗೆ ಸಾಗಿಸಿದ ದಿನವೇ ಹಣ ಕೈಗೆ ಬರುವದಿಲ್ಲ. ಆದರೂ ಕಡಿದ ಆಳುಗಳಿಗೆ ಕೂಲಿ ಕೊಡಬೇಕು. ೨೦೧೮ರಲ್ಲಿ ಆರಂಭವಾದ ಆಯುಷ್ಮಾನ್ ಯೋಜನೆಯ ಪ್ರಕಾರ ಬಡ ಕುಟುಂಬಕ್ಕೆ ವರುಷಕ್ಕೆ ೫ ಲಕ್ಷ ರೂಪಾಯಿಯ ತನಕ ಚಿಕಿತ್ಸೆಯುಂಟು. ಆಸ್ಪತ್ರೆಯು ಮೊದಲು ಚಿಕಿತ್ಸೆಮಾಡಿ, ಕಾಗದಗಳನ್ನು ಕಳುಹಿಸಿ, ಗೊತ್ತುಮಾಡಿದ ದರವನ್ನು ಆಮೇಲೆ ಪಡೆಯುತ್ತದೆ. ಪುಸ್ತಕದಲ್ಲಿ ಲಾಭ ಕಾಣುತ್ತಿರುವಾಗಲೇ ಪೆಟ್ಟಿಗೆಯಲ್ಲಿ ಸಂಬಳಕ್ಕೆ ಹಣವಿಲ್ಲದಿರಬಹುದು. ಆದದರಿಂದ ಬರಬೇಕಾದದ್ದು ಬೇರೆ, ಬಂದದ್ದು ಬೇರೆ ಎಂದು ಎರಡನ್ನೂ ಬರೆಯುತ್ತಾರೆ.

ಹಾಗೆಯೇ, ಎತ್ತು ಮುದಿಯಾಗುವ ಮುಂಚೆ ಕರುವನ್ನು ಸಾಕುವವನು ಬುದ್ಧಿವಂತನು. ೧೦ ಲಕ್ಷ ರೂಪಾಯಿಯ ಯಂತ್ರವು ಹತ್ತು ವರುಷ ಬಾಳುವದಾದರೆ ವರುಷಕ್ಕೆ ಒಂದು ಲಕ್ಷವನ್ನು ತೆಗೆದಿಡಬೇಕು. ದಾನವಾಗಿ ಬಂದ ಯಂತ್ರಕ್ಕೆ ಇದನ್ನು ಯಾರೂ ಮಾಡುವದಿಲ್ಲ. ಅದೂ ಮುದಿಯಾಗುತ್ತದೆಂಬದು ನೆನಪಿಗೆ ಬರುವದಿಲ್ಲ.

ಕಣ್ಣಿನ ಚಿಕಿತ್ಸೆಗೆಂದು ಕೊಟ್ಟ ಕಾಣಿಕೆಯಿಂದ ಗೋಡೆಗೆ ಸುಣ್ಣ ಹೊಡಿಸಬಾರದೆಂಬದು ಎಲ್ಲರಿಗೂ ತಿಳಿದದ್ದೇ, ಬಿಡಿರಿ.

ಉಳ್ಳವನಿಂದ ಹೆಚ್ಚು ತೆಗೆದುಕೊಂಡು ಇಲ್ಲದವನಿಗೆ ಕೊಡುವದು ಸರಿಯೋ? ಮಧುರೆಯಲ್ಲಿ ಡಾಕ್ಟರ್ ವೆಂಕಟಸ್ವಾಮಿಯವರು ಸರಕಾರೀ ಕೆಲಸದಿಂದ ನಿವೃತ್ತರಾದ ಮೇಲೆ ೧೯೭೬ರಲ್ಲಿ ೧೧ ಮಂಚಗಳ ಕಣ್ಣಿನ ಆಸ್ಪತ್ರೆಯನ್ನು ತೆರೆದರು. ಹಣ ಕೊಡುವವರಿಂದ ಬಂದದ್ದರಲ್ಲಿ ಕೊಡಲಾರದವರ ಕಣ್ಣುಗಳನ್ನೂ ತೆರೆಯಿಸಿದರು. ೧೯೯೨ರಿಂದ ಕಣ್ಣೊಳಗೆ ಇಡುವ ಮಸೂರಗಳನ್ನು ತಾವೇ ತಯಾರಿಸಿ ಕ್ರಯವನ್ನು ಬಹಳವಾಗಿ ಇಳಿಸಿದರು. ಅವರು ನಮ್ಮ ಮತದವರಲ್ಲ. ಆದರೂ ಈ ಲೋಕದ ಜನರ ಜಾಣತನವನ್ನು ನೋಡಿ ಕಲಿಯಬೇಕೆಂದು ಕರ್ತನೇ ಅನ್ಯಾಯಗಾರನಾದ ಮನೆವಾರ್ತೆಯವನ ಸಾಮ್ಯದಲ್ಲಿ ಸೂಚಿಸಿರುವಾಗ, ಒಳ್ಳೆಯವರಿಂದ ಕಲಿಯುವದಕ್ಕೆ ನಾವು ನಾಚಬೇಕೋ? ಉಳ್ಳವನಿಗೆ ಬೇರೆ ಕೋಣೆ, ಬೇರೆ ಮಂಚ ಕೊಡಲಿ. ಬೇರೆ ವೈದ್ಯವನ್ನು ಕೊಡದಿರಲಿ. ಹೆಚ್ಚು ತೆಗೆದುಕೊಳ್ಳುವದನ್ನು ಅವನಿಗೆ ಮುಂಚಿತವಾಗಿ ತಿಳಿಸಲಿ.

ಇಲ್ಲಿ ನಮ್ಮ ಸಭೆಗಳನ್ನು ಕುರಿತು ಒಂದು ಕಠಿಣವಾದ ಮಾತು ಹೇಳಬೇಕಾಗಿದೆ. ಬಡವನೆಂಬ ಚೀಟಿಯನ್ನು ಬರೆದುಕೊಡಿರೆಂದು ಉಪದೇಶಿಗಳ ಮನೆಗೆ ಬರುವವರಲ್ಲಿ ನಿಜವಾದ ಬಡವರು ಸಂಕೋಚದಿಂದ ಬಾಗಲಲ್ಲೇ ನಿಲ್ಲುತ್ತಾರೆ. ನಾಲ್ಕು ಎಕರೆ ತರಿಜಮೀನೂ ಹೊಸ ಮೋಟಾರು ಸೈಕಲ್ಲೂ ಉಳ್ಳವರು ಒಳಗೆ ಬಂದು ಕುರ್ಚಿಯಲ್ಲಿ ಕೂತುಕೊಳ್ಳುತ್ತಾರೆ. ಸಭೆಯವನೆಂಬ ಹಕ್ಕಿನಿಂದ ಕೇಳುತ್ತಾರೆ. ಬೇಥಾನ್ಯದಲ್ಲಿ ತೈಲದ ವಿಷಯವಾಗಿ ಬಡವರ ಹೆಸರೆತ್ತಿ ಮಾತಾಡಿದವನು ಇಸ್ಕರಿಯೋತ ಯೂದನು. ಹಣದ ಚೀಲವು ಅವನ ಹತ್ತಿರವೇ ಇತ್ತು. ಬಡವರ ಹೆಸರು ಬಹಳ ಸಾರಿ ಬೇರೆಯವರ ಚೀಲವನ್ನು ತುಂಬಿಸಿದೆ.

ಚೀಲವನ್ನು ಒಬ್ಬನ ಕೈಯಲ್ಲೇ ಬಿಡಬಾರದು. ಯೆರೂಸಲೇಮಿನ ದೇವಾಲಯದ ಪೆಟ್ಟಿಗೆಯು ತುಂಬಿದಾಗ ಅರಸನ ಲೇಖಕನೂ ಮಹಾಯಾಜಕನೂ ಕೂಡಿ ಬಂದು ಹಣವನ್ನು ಎಣಿಸಿ ಕಟ್ಟುತ್ತಿದ್ದರೆಂದು ಅರಸುಗಳ ಎರಡನೆಯ ಪುಸ್ತಕದ ೧೨ನೆಯ ಅಧ್ಯಾಯದಲ್ಲಿದೆ. ಅದೇ ಅಧ್ಯಾಯದಲ್ಲಿ ಕೆಲಸದವರಿಗೆ ಹಣ ಹಂಚುವವರು ನಂಬಿಗಸ್ತರಾಗಿದ್ದದರಿಂದ ಅವರಿಂದ ಲೆಕ್ಕ ಕೇಳಲಿಲ್ಲವೆಂದೂ ಬರೆದದೆ, ಮತ್ತು ಲೆಕ್ಕಕ್ಕೆ ಬೇಸರಪಡುವ ಖಜಾಂಚಿಗಳಿಗೆ ಈ ವಚನವು ಬಾಯಿಪಾಠವಾಗಿರುತ್ತದೆ! ಆದರೆ ಇಬ್ಬರು ಎಣಿಸಿದ ಮೇಲೆ ಅವರ ಕೈಗೆ ಬಂದ ಹಣವದು. ಪೌಲನು ಸಹ ಯೂದಾಯದ ಬಡವರ ಕಾಣಿಕೆಯನ್ನು ಒಂಟಿಯಾಗಿ ಒಯ್ಯದೆ, ಯಾರೂ ತಪ್ಪು ಹೊರಿಸದ ಹಾಗೆ ಸಭೆಗಳಲ್ಲಿ ಹೆಸರುಹೊಂದಿದ ಸಹೋದರರನ್ನು ಜೊತೆಗೆ ಸೇರಿಸಿಕೊಂಡನು. ಹಣ ತೆಗೆದುಕೊಳ್ಳುವವನು ಒಬ್ಬನು, ಪುಸ್ತಕದಲ್ಲಿ ಬರೆಯುವವನು ಮತ್ತೊಬ್ಬನು, ಬ್ಯಾಂಕಿನ ಪುಸ್ತಕದೊಂದಿಗೆ ತಾಳೆ ನೋಡುವವನು ಮೂರನೆಯವನು ಆಗಿದ್ದರೆ ಗುಮಾಸ್ತನ ಒಳ್ಳೆಯ ಹೆಸರಿಗೇ ಕಾವಲು.

ಇನ್ನು ಎಲ್ಲಕ್ಕಿಂತ ಕಷ್ಟವಾದದ್ದು. ವರುಷದ ಆರಂಭದಲ್ಲಿ ಬಡವರ ನಿಧಿಗೆಂದು ಇಷ್ಟು ಎಂದು ಗೊತ್ತುಮಾಡಿದ್ದಾರೆ. ಹತ್ತನೆಯ ತಿಂಗಳಲ್ಲಿ ಅದು ಮುಗಿಯಿತು. ಆ ರಾತ್ರಿ ಹೆರಿಗೆಯ ಬೇನೆಯಿಂದ ಒಬ್ಬ ಹೆಂಗಸನ್ನು ಬರಿಗೈಯಲ್ಲಿ ಕರತರುತ್ತಾರೆ. ಇದರಲ್ಲಿ ನನಗೆ ಸಂಶಯವಿಲ್ಲ, ಒಳಗೆ ಕರಕೊಳ್ಳಲೇ ಬೇಕು. ಪ್ರಾಣಾಪಾಯದಲ್ಲಿರುವವರಿಗೆ ಚಿಕಿತ್ಸೆ ಮಾಡುವದು ಪ್ರತಿ ವೈದ್ಯನ ಕರ್ತವ್ಯವೆಂದು ೧೯೮೯ರಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯವೂ ಹೇಳಿದೆ. ಆದರೆ ಮೂತ್ರಪಿಂಡಗಳು ಕೆಟ್ಟು, ವಾರಕ್ಕೆ ಎರಡು ಮೂರು ಸಾರಿ, ಬದುಕಿರುವ ತನಕ ರಕ್ತಶುದ್ಧಿ ಬೇಕಾದ ಮನುಷ್ಯನು ಬಂದರೆ? ಅವನೊಬ್ಬನ ಖರ್ಚಿನಲ್ಲಿ ಎಷ್ಟೋ ಹೆರಿಗೆಗಳು ಆಗಬಹುದು. ಅವನ ಪ್ರಾಣವು ಕಡಿಮೆಯದ್ದಲ್ಲ. ಇಲ್ಲಿ ಬಾಗಲಲ್ಲಿ ನಿಂತಿರುವ ದಾದಿಯ ಮೇಲೆ ತೀರ್ಪನ್ನು ಹೊರಿಸುವದು ಕ್ರೂರತನ. ಇಂಥವರಲ್ಲಿ ಎಷ್ಟು ಮಂದಿಯನ್ನು ಹೊರಬಲ್ಲೆವೆಂದು ಆಡಳಿತ ಮಂಡಲಿಯು ಮುಂಚಿತವಾಗಿ, ಬಹಿರಂಗವಾಗಿ ನಿರ್ಣಯಿಸಬೇಕು; ಮಿಕ್ಕವರನ್ನು ೨೦೧೬ರಲ್ಲಿ ಆರಂಭವಾದ ಸರಕಾರೀ ರಕ್ತಶುದ್ಧಿ ಯೋಜನೆಗೆ ಕಾಗದಪತ್ರ ಮಾಡಿಸಿ, ಜೊತೆಗೆ ಒಬ್ಬನನ್ನು ಕೊಟ್ಟು ಕಳುಹಿಸಬೇಕು.

ಆ ಹೆರಿಗೆಯ ಖರ್ಚನ್ನಾದರೋ ಇಲ್ಲದ ನಿಧಿಯಲ್ಲಿ ಅಡಗಿಸಿಡದೆ, ಗೊತ್ತಾದದ್ದಕ್ಕಿಂತ ಹೆಚ್ಚಾದ ಖರ್ಚೆಂದು ಕೆಂಪು ಶಾಯಿಯಿಂದ ಬರೆಯಲಿ. ಬರುವ ಬೆಳೆಯ ಹಬ್ಬದಲ್ಲಿ, ಕಾಣಿಕೆ ಎತ್ತುವ ಮುಂಚೆ, ಆಸ್ಪತ್ರೆಯ ಖಜಾಂಚಿಯು ಸಭೆಯ ಮುಂದೆ ನಿಂತು ಆ ಕೆಂಪು ಸಾಲುಗಳನ್ನು ಓದಲಿ. ಹೆಸರು ಬೇಡ, ಊರೂ ಬೇಡ. ತಾರೀಕು, ಏನು ಮಾಡಿದೆವು, ಎಷ್ಟಾಯಿತು, ಇಷ್ಟೇ ಸಾಕು.